ಮುಂದಿನ ನೀರಿಗೆ

ಅಡಿಗಿಮನಿ ಗ್ವಾಡಿಗೆ ಬ್ಯಾಳಿ ಮಿಲ್ಲಿನ ಕ್ಯಾಲೆಂಡರು.
ಮ್ಯಾಲ ತೊಗರಿ ಗಿಡದ ಚಿತ್ರ, ಕೆಳಗ ಮೂವತ್ತು ಚೌಕ ಮನಿ,
ಒಂದು ಮನ್ಯಾಗೂ ಕಾಲಿಡಾಕ ಜಾಗ ಇಲ್ಲ.
ನನ್ನದು ನೀಲಿ ಪೆನ್ನು: ನಾಯ್ಟು, ನಾಯ್ಟು, ಆಫ್, ಮಾರ್ನಿಂಗು,
ದೊಡ್ಡ ದವಾಖಾನಿ ಹೆರಿಗಿ ವಾರ್ಡಿನ ಪಾಳಿ.
ಇವರದು ಕೆಂಪು, ಕಂಡಕ್ಟರ್ ಡ್ಯೂಟಿ:
ಸೇಡಂ, ಸೇಡಂ, ಸೊಲ್ಲಾಪುರ ಮುಕ್ಕಾಮು.
ಭಾಗ್ಯಾಂದು ಪೆನ್ಸಿಲ್ಲು. ಅಳಿಸಿ ಅಳಿಸಿ ಕಾಗದ ತೆಳ್ಳಗಾಗಿ
ಟ್ಯೂಷನ್ನಿನ ಕೆಳಗ ಮುಂದಿನ ತಿಂಗಳು ಕಾಣಸ್ತದ.
ಓಂಕಾರ ಇನ್ನಾ ಯುಕೆಜಿ. ಅವಂದು ಒಂದು ಆನಿ,
ಹದಿನಾಲ್ಕನೇ ತಾರೀಖಿಗೆ ನಿಂತು
ಹದಿನೇಳರತನಕ ಸೊಂಡಿ ಚಾಚ್ಯದ.

ಒಂದು ಆಯ್ತಾರ ಕುಂತು ಲೆಕ್ಕಾ ಹಾಕಿದೆ:
ಐದೂ ಮಂದಿ ಎಚ್ಚರಿದ್ದು, ಒಂದೇ ಸೂರಿನ ಕೆಳಗ ಇರೋ ಹೊತ್ತು
ಈ ತಿಂಗಳದಾಗ ಎಷ್ಟು ಅಂತ.
ನೀಲಿ ತಗದೆ, ಕೆಂಪು ತಗದೆ, ಪೆನ್ಸಿಲ್ಲು ತಗದೆ.
ಉಳಿದದ್ದು ಆನಿ.
ಫ್ರಿಜ್ಜಿಗೆ ಚೀಟಿ ಅಂಟಿಸಿ ಸಂಸಾರ ಮಾಡ್ತೀವಿ ನಾವು:
“ಹಿಟ್ಟು ಮುಗದದ.”
“ಗ್ಯಾಸಿನವ ಬಂದು ಹೊಳ್ಳಿ ಹೋದ.”
“ಎದಿ ಉರಿ ಗುಳಗಿ, ಗೂಟಕ್ಕ ಹಾಕಿದ ಅಂಗಿ ಕಿಸೇದಾಗ.”

ನಮ್ಮತ್ತಿ ಚಂದಮ್ಮಗ ಓದು ಬರಲ್ಲ, ಗಡಿಯಾರ ಬೇಕಿಲ್ಲ.
ಆಕಿ ಲೆಕ್ಕಾನೇ ಬ್ಯಾರೆ.
ಶಹಾಬಾದಿನ ಬೀಗರು ಯಾವಾಗ ಬಂದಿದ್ದರು ಅಂದ್ರ
“ಮೂರು ನೀರಿನ ಹಿಂದ” ಅಂತಾಳ.
“ಓಂಕಾರಗ ಜ್ವರ ಬಿಟ್ಟು ಎರಡು ನೀರಾತು.”
“ಹಾಲಿನವಗ ರೊಕ್ಕಾ? ಮುಂದಿನ ನೀರಿಗೆ ಕೊಡು.”
ಕಲಬುರಗಿಯೊಳಗ ನಮ್ಮ ಓಣಿಗೆ ನಳ ಬರೋದು
ಐದು ದಿನಕ್ಕೋ, ಏಳಕ್ಕೋ,
ವಾಲ್ವ್ ತಿರುವೋ ರೇವಪ್ಪಗ ಗೊತ್ತು, ಇಲ್ಲಾ ಆ ದೇವರಿಗೆ.
ಕ್ಯಾಲೆಂಡರಿನ್ಯಾಗ ಅದಕ್ಕ ಬಣ್ಣ ಇಲ್ಲ.

ನಿನ್ನೆ ರಾತ್ರಿ ಎರಡೂವರಿಗೆ ನಳ ಕೆಮ್ಮಿತು.
ಮೊದಲು ಗಾಳಿ, ಆಮ್ಯಾಲ ಕೆಂಪು ರಾಡಿ, ಆಮ್ಯಾಲ ನೀರು.
“ಏಳ್ರೋ!” ಅತ್ತಿದು ಒಂದೇ ಕೂಗು.
ಓಣಿ ತುಂಬ ಲೈಟು ಹತ್ತಿದವು,
ಬಾಜೂ ಮನಿ ಮಾಸ್ತರು ಬನಿಯನ್ ಮ್ಯಾಲ,
ಎದುರಿಗೆ ಶಮೀಮ್ ಬೇಗಂ ಮೋಟರು ಹಚ್ಚೇಬಿಟ್ಟಳು,
ನಮ್ಮ ಪಾಲಿಂದೂ ಎಳೀತದ ಆ ಮೋಟರು.
ಇವರು ಹನ್ನೆರಡಕ್ಕ ಬಂದು ಮಲಗಿದವರು,
ಕಣ್ಣು ಮುಚ್ಚೇ ಪೈಪು ಜೋಡಿಸಿದರು.
ನಾನು ಡ್ರಮ್ಮು ತಿಕ್ಕಿದೆ. ಭಾಗ್ಯಾ ಕೊಡ ಸಾಲು ಹಚ್ಚಿದಳು.
ಓಂಕಾರ ಚರಿಗಿ ಹಿಡದು ಜಿಗದಾಡಿದ.

ಡ್ರಮ್ಮು ತುಂಬೋತನಕ ಎಲ್ಲಿಗೆ ಹೋಗೋದು?
ಪಾವಟಿಗಿ ಮ್ಯಾಲ ಕುಂತೆವು ಐದೂ ಮಂದಿ,
ಕಾಲು ತೋಯಿಸಿಕೊಂಡು.
ಆವಾಗ ಭಾಗ್ಯಾ ಅಂದಳು, ಯಾರ ಮಾರಿನೂ ನೋಡದೆ:
“ನನಗ ಸೈನ್ಸ್ ಬ್ಯಾಡ. ಕಾಮರ್ಸ್ ತಗೋತೀನಿ.”
ಎಷ್ಟು ನೀರಿನಿಂದ ಇತ್ತೋ ಆಕಿ ಹೊಟ್ಟ್ಯಾಗ ಆ ಮಾತು.
ಇವರು ಪೈಪು ಒಂದು ಕೊಡದಿಂದ ಇನ್ನೊಂದಕ್ಕ ದಾಟಿಸಿದರು,
ಹನಿ ಚೆಲ್ಲದಂಗ.
“ದಿನಾ ಚಿಲ್ಲರ ಲೆಕ್ಕಾ ತಪ್ಪಿ ಕೈಯಿಂದ ಕಟ್ತೀನಿ,” ಅಂದರು,
“ಮನ್ಯಾಗ ಒಬ್ಬರಿಗಾದರೂ ಲೆಕ್ಕಾ ಬರಲಿ.”
ನಾನು ಏನೋ ಹೇಳಬೇಕಂತ ಬಾಯಿ ತಗದೆ.
ನರ್ಸಿಂಗು, ಫೀ, ಸೀಟು, ನಾಳಿನ ಬದುಕು.
ಅಷ್ಟರಾಗ ನಳ ಗುಡುಗುಡು ಅಂತು,
ದಾರದಂಗ ಸಣ್ಣಾತು, ನಿಂತಿತು.

ಮೂರೂ ಮುಕ್ಕಾಲು.
ಇವರ ಅಲಾರಾಂ ನಾಲ್ಕೂವರಿಗೆ, ನನ್ನದು ಐದಕ್ಕ.
ಓಂಕಾರ ನನ್ನ ತೊಡಿ ಮ್ಯಾಲೇ ನಿದ್ದಿ ಹೋಗಿದ್ದ,
ಚರಿಗಿ ಬಿಟ್ಟಿದ್ದಿಲ್ಲ.
ಅತ್ತಿ ಮೊಳಕಾಲು ಹಿಡಕೊಂಡು ಎದ್ದಳು, ಬಾಗಲಾ ಹಾಕಾಕ.
“ನನ್ನ ಮಾತು ಮುಗದಿಲ್ಲ,” ಅಂದೆ.
“ಮುಂದಿನ ನೀರಿಗೆ,” ಅಂದಳು ಭಾಗ್ಯಾ,
ಅಜ್ಜಿ ಬಾಯಿ ತಗಿಯೋಕಿಂತ ಮೊದಲೇ.